ಮುಚ್ಚಳದೊಳಗಿನ ಹನಿ

ಅಕ್ಟೋಬರ್ 5, ಭಾನುವಾರ

ಗೊಣಗುವುದಕ್ಕೆ ಮನೆಯಲ್ಲಿ ಜನ ಇಲ್ಲದಿದ್ದರೆ ಮನುಷ್ಯ ಏನು ಮಾಡಬೇಕು? ಬರೆಯಬೇಕು. ಹಾಗಾಗಿ ಇದು. ಯಾರೂ ಓದುವುದು ಬೇಡ. ಓದಿದರೆ ಅವರ ಹಣೆಬರಹ.

ಹೆಂಡತಿ ಸುಮಿಯೆ ಜರ್ಮನಿಗೆ ಹೋಗಿ ಒಂದೂವರೆ ವರ್ಷವಾಯಿತು. ನಮ್ಮ ತೋಕಿ ಊರಿನಲ್ಲಿ ಗಂಡ ವರ್ಗವಾಗಿ ದೂರ ಹೋಗುವುದು, ಹೆಂಡತಿ ಮನೆ ನೋಡಿಕೊಂಡಿರುವುದು ಹೊಸದಲ್ಲ. ಹೆಂಡತಿ ಹೋಗಿ ಗಂಡ ಉಳಿದರೆ ಮಾತ್ರ ತರಕಾರಿ ಅಂಗಡಿಯವಳು ಚಿಲ್ಲರೆ ಕೊಡುವುದನ್ನೂ ಮರೆತು ಮುಖ ನೋಡುತ್ತಾಳೆ. ಅದರಲ್ಲೂ ನಾನು ಮನೆ ಅಳಿಯ. ಮದುವೆಯ ದಿನವೇ ನನ್ನ ಮನೆತನದ ಹೆಸರು ಬಿಟ್ಟು ಇವರ ಹೆಸರು ಇಟ್ಟುಕೊಂಡವನು. ಯಾರಿಗಾಗಿ ಹೆಸರು ಬದಲಿಸಿದೆನೋ ಅವಳು ಡ್ರೆಸ್ಡೆನ್‌ನಲ್ಲಿದ್ದಾಳೆ. ನಾನು ಅವಳ ತಾಯಿಯ ಮನೆಯಲ್ಲಿ, ಅವಳ ತಾಯಿಯ ಜೊತೆ ಇದ್ದೇನೆ.

ಅತ್ತೆಯವರ ಹೆಸರು ಕಿನು. ಎಂಬತ್ತು ದಾಟಿದವರು. "ಊಟಕ್ಕೆ ಬನ್ನಿ", "ಸ್ನಾನದ ನೀರು ಕಾದಿದೆ" ಎಂಬಲ್ಲಿಗೆ ನಮ್ಮಿಬ್ಬರ ಮಾತುಕತೆ ಮುಗಿಯುತ್ತದೆ. ಸಂಜೆ ಊಟಕ್ಕೆ ಮಾತ್ರ ಮೂರು ಜನಕ್ಕೆ ಬಡಿಸುತ್ತಾರೆ. ಮೂರನೆಯದು ಸುಮಿಯೆಗೆ. ದೂರ ಹೋದವರು ಹಸಿದಿರಬಾರದು ಎಂದು ಅವರ ಜಾಗದಲ್ಲಿ ಒಂದು ಬಟ್ಟಲು ಅನ್ನ ಇಟ್ಟು ಮುಚ್ಚಳ ಮುಚ್ಚುವುದು. ನಮ್ಮ ಊಟವಾದ ಮೇಲೆ ಮುಚ್ಚಳ ಎತ್ತಿ ಅದರ ಒಳಮೈ ನೋಡುತ್ತಾರೆ. ನೀರಿನ ಹನಿ ಕೂತಿದ್ದರೆ ಹೋದವರು ಕ್ಷೇಮ. ಬಿಸಿ ಅನ್ನಕ್ಕೆ ಮುಚ್ಚಳ ಹಾಕಿದರೆ ಹನಿ ಕೂರದೆ ಇನ್ನೇನು ಕೂರುತ್ತದೆ? "ಚೆನ್ನಾಗಿದ್ದಾಳೆ" ಎಂದು ಹೇಳಿ ಆ ಆರಿದ ಅನ್ನವನ್ನು ನನ್ನ ಕಡೆ ತಳ್ಳುತ್ತಾರೆ. ಹೆಂಡತಿಯ ಕ್ಷೇಮವನ್ನು ದಿನಾ ತಿಂದು ಮುಗಿಸುವವನು ನಾನು.

ಸುಮಿಯೆಗೆ ಹೇಳಬಾರದು, ನಗುತ್ತಾಳೆ ಎಂದು ತಾಕೀತು. ಅವಳ ಅಪ್ಪ ಬಟ್ಟಲು ಮಾರಲು ಊರೂರು ಅಲೆಯುವಾಗಲೂ ಅತ್ತೆ ಹೀಗೇ ಇಡುತ್ತಿದ್ದರಂತೆ. ಆಗ ನಕ್ಕಿದ್ದಳಂತೆ.

ಅಕ್ಟೋಬರ್ 9

ಇವತ್ತು ಕುಮಾಜಾಕಿಯವರು ಕರೆದಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು. ಕೆಟ್ಟ ಸುದ್ದಿ ಹೇಳುವ ಮುಂಚೆ ಚಹಾ ತರಿಸುವವರು. ಚಹಾ ಬಂತು.

ನಮ್ಮದು ಪಾರದರ್ಶಕ ಸಿರಾಮಿಕ್ ಮಾಡುವ ಚಿಕ್ಕ ಕಂಪನಿ. ನೋಡಲು ಗಾಜಿನ ಹಾಗೆ, ಆದರೆ ಗಾಜು ಕರಗುವ ಬಿಸಿಗೂ ಜಗ್ಗದ ವಸ್ತು. ಬಿಳಿ ಪುಡಿಗೆ ಆಕಾರ ಕೊಟ್ಟು ಕುಲುಮೆಯಲ್ಲಿ ಸುಡುವುದು, ಕೇಳುವುದಕ್ಕೆ ಅಷ್ಟೇ. ಆ ಆಕಾರ ಕೊಡುವುದರಲ್ಲೇ ಎಲ್ಲ ಇದೆ. ಪುಡಿಯ ಕಣಗಳ ನಡುವೆ ಕಣ್ಣಿಗೆ ಕಾಣದಂಥ ಸಂದು ಉಳಿದರೂ ಬೆಳಕು ಅಲ್ಲಿ ಎಡವುತ್ತದೆ, ತಟ್ಟೆ ಮಂಜಾಗುತ್ತದೆ. ಆಕಾರ ಕೊಡುವಾಗ ಆದ ತಪ್ಪನ್ನು ಕುಲುಮೆ ತಿದ್ದುವುದಿಲ್ಲ, ಗಟ್ಟಿ ಮಾಡಿ ಕೈಗೆ ಕೊಡುತ್ತದೆ.

ನಾನು ಎರಕದವನು. ಪುಡಿಯನ್ನು ನೀರು, ಒಂದಿಷ್ಟು ಅಂಟಿನ ಜೊತೆ ಗಂಜಿಯಂತೆ ಕಲಸಿ, ಅದರೊಳಗಿನ ಗಾಳಿ ತೆಗೆದು, ಪ್ಲಾಸ್ಟರ್ ಅಚ್ಚಿಗೆ ಹುಯ್ಯುತ್ತೇನೆ. ಅಚ್ಚು ನೀರು ಕುಡಿಯುತ್ತದೆ, ತಟ್ಟೆ ಉಳಿಯುತ್ತದೆ. ಅದನ್ನು ವಾರಗಟ್ಟಲೆ ಮೆಲ್ಲಗೆ ಒಣಗಿಸಬೇಕು. ಸುಮಿಯೆ ಒತ್ತುವವಳು. ಪುಡಿಯನ್ನು ರವೆಯಂತೆ ಕಾಳುಕಾಳಾಗಿ ಮಾಡಿ, ಉಕ್ಕಿನ ಅಚ್ಚಿಗೆ ಸುರಿದು ಒತ್ತಿ, ಆಮೇಲೆ ರಬ್ಬರ್ ಚೀಲದಲ್ಲಿ ಕಟ್ಟಿ ಎಲ್ಲ ಕಡೆಯಿಂದ ನೀರಿನ ಒತ್ತಡ ಕೊಡುತ್ತಾಳೆ. ಬೆಳಗ್ಗೆ ಒತ್ತಿದ್ದು ಸಂಜೆಗೆ ಕುಲುಮೆಗೆ ತಯಾರು. ನಾನು ಅವಳ ತಟ್ಟೆಗೆ ಬಿಸ್ಕತ್ತು ಎನ್ನುತ್ತಿದ್ದೆ. ಅವಳು ನನ್ನದಕ್ಕೆ ಮೊಸರು ಎನ್ನುತ್ತಿದ್ದಳು. ಹೊಸ ಒತ್ತುಯಂತ್ರದ ಕೆಲಸ ಕಲಿಯಲೆಂದೇ ಕಂಪನಿ ಅವಳನ್ನು ಡ್ರೆಸ್ಡೆನ್‌ಗೆ ಕಳಿಸಿದ್ದು.

ಈಗ ಉಕ್ಕಿನ ಕಾರ್ಖಾನೆಯವರೊಬ್ಬರಿಗೆ ಕುಲುಮೆಯೊಳಗೆ ಇಣುಕುವ ಕಿಟಕಿ ಬೇಕಂತೆ, ಅಂಗೈ ಅಗಲದ್ದು. ಡಿಸೆಂಬರ್‌ನಲ್ಲಿ ಬಂದು ನೋಡುತ್ತಾರೆ. ನನ್ನ ಎರಕದ ತಟ್ಟೆ, ಸುಮಿಯೆ ಅಲ್ಲಿಂದ ಕಳಿಸುವ ಒತ್ತಿದ ತಟ್ಟೆ, ಎರಡನ್ನೂ ಪಕ್ಕಪಕ್ಕ ಇಡುವುದು. ಅವಳದನ್ನು ಆರಿಸಿದರೆ ಒತ್ತುಯಂತ್ರ ಕೊಂಡು ಏಪ್ರಿಲ್‌ನಲ್ಲಿ ಸುಮಿಯೆಯನ್ನು ಕರೆಸುತ್ತಾರೆ, ನನ್ನ ಎರಕದ ಕೋಣೆಗೆ ಬೀಗ. ನನ್ನದನ್ನು ಆರಿಸಿದರೆ ಯಂತ್ರ ಬರುವುದಿಲ್ಲ. ಎರಡನ್ನೂ ಸಾಕುವ ಶಕ್ತಿ ಕಂಪನಿಗಿಲ್ಲ.

"ಯಂತ್ರ ಬರ್ಲಿಲ್ಲ ಅಂದ್ರೆ ಸುಮಿಯೆಗೆ ಇಲ್ಲಿ ಏನ್ ಕೆಲಸ?" ಎಂದೆ.

ಅವರು ಚಹಾ ಲೋಟ ತಿರುಗಿಸಿದರು. "ಅಲ್ಲಿಯವ್ರು ಕಾಯಂ ಮಾಡ್ಕೊಳ್ಳೋಕೆ ಕಾಯ್ತಿದಾರೆ ಅಂತ ಕೇಳ್ದೆ. ನಿಮಗೆ ಗೊತ್ತಿರತ್ತಲ್ಲ."

ನನಗೆ ಗೊತ್ತಿರಲಿಲ್ಲ. ಗೊತ್ತು ಎಂದು ತಲೆಯಾಡಿಸಿದೆ.

ಅಕ್ಟೋಬರ್ 12, ಭಾನುವಾರ

ಭಾನುವಾರ ನಮ್ಮ ಸಂಜೆಗೆ, ಅವಳ ಮಧ್ಯಾಹ್ನಕ್ಕೆ ಫೋನ್. ಅವಳ ರವೆಯ ಕಾಳುಗಳು ಗಟ್ಟಿಯಾಗಿಬಿಟ್ಟಿವೆಯಂತೆ, ಎಷ್ಟು ಒತ್ತಿದರೂ ಪೂರ್ತಿ ಒಡೆಯುವುದಿಲ್ಲವಂತೆ. ನಾನು ನನ್ನ ಗಂಜಿಯ ಗುಳ್ಳೆಗಳ ಬಗ್ಗೆ ಹೇಳಿದೆ. ಅರ್ಧ ಗಂಟೆ ಕಾಳು, ಗುಳ್ಳೆ. ಕಾಯಂ ಕೆಲಸದ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಫೋನ್ ಇಟ್ಟ ಮೇಲೆ, ಅವಳು ಕಳಿಸಿದ್ದ ಫೋಟೋದಲ್ಲಿ ಕೂದಲು ಕತ್ತರಿಸಿಕೊಂಡಿದ್ದಳು ಎಂಬುದು ನೆನಪಾಯಿತು. ಅದನ್ನಾದರೂ ಕೇಳಬಹುದಿತ್ತು.

ಅಕ್ಟೋಬರ್ 21

ಮೂರು ತಟ್ಟೆ ಹುಯ್ದೆ. ಮೂರೂ ಹೋದವು. ಒಂದರಲ್ಲಿ ಗುಳ್ಳೆ, ಇನ್ನೆರಡು ಒಣಗುವಾಗ ಬಿರುಕು. ಆತುರ ಮಾಡಿದೆ, ನನಗೇ ಗೊತ್ತು. ಅಂಚು ಒಣಗಿ ಕುಗ್ಗುತ್ತಿರುವಾಗ ನಡುಭಾಗ ಇನ್ನೂ ಒದ್ದೆಯಿದ್ದರೆ ಒಂದನ್ನೊಂದು ಎಳೆದಾಡಿ ಸೀಳುತ್ತವೆ.

ಒಂದು ತಟ್ಟೆ ಚೂರನ್ನು ಸುಮ್ಮನೆ ಸುಟ್ಟು, ಉಜ್ಜಿ, ಹಳೆಯ ಪತ್ರಿಕೆಯ ಮೇಲಿಟ್ಟೆ. ಅಕ್ಷರಗಳೆಲ್ಲ ಚೊಕ್ಕವಾಗಿ ಕಂಡವು. ಹೊಸಬರು ಎಲ್ಲರೂ ಇಲ್ಲೇ ಮೋಸ ಹೋಗುವುದು. ಕಾಗದಕ್ಕೆ ತಾಗಿಕೊಂಡಿದ್ದರೆ ಮಂಜು ತಟ್ಟೆಯೂ ಸ್ಪಷ್ಟವೇ. ಕಾಗದದಿಂದ ಎತ್ತಿ ಹಿಡಿಯಬೇಕು. ದೂರ ಮಾಡಿದಾಗಲೂ ಅಕ್ಷರ ನಿಲ್ಲುತ್ತದೆಯೇ, ಅದು ಪರೀಕ್ಷೆ.

ಸುಮಿಯೆಯನ್ನು ಮೊದಲು ಕಂಡದ್ದೇ ಹಾಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಮೊದಲ ತಟ್ಟೆಯನ್ನು ಒಂದು ಪುಸ್ತಕದ ಮೇಲಿಟ್ಟು ಎಲ್ಲರಿಗೂ ತೋರಿಸುತ್ತ ನಿಂತಿದ್ದೆ. ಒಬ್ಬ ಹುಡುಗಿ ಬಂದಳು, ಎರಡು ಬೆರಳಲ್ಲಿ ತಟ್ಟೆಯನ್ನು ಒಂದಿಷ್ಟು ಮೇಲೆತ್ತಿದಳು. ಅಕ್ಷರಗಳೆಲ್ಲ ಹಾಲಿನಲ್ಲಿ ಮುಳುಗಿದವು. ತಟ್ಟೆಯನ್ನು ಮತ್ತೆ ಅಲ್ಲೇ ಇಟ್ಟು, "ಹತ್ತಿರದಿಂದ ಚೆನ್ನಾಗಿದೆ" ಎಂದು ಹೇಳಿ ಹೋದಳು. ಸಿಟ್ಟಿನಿಂದ ಮೈ ಉರಿಯಿತು. ಅವತ್ತಿನಿಂದ ಅವಳನ್ನು ಬಿಟ್ಟು ಬೇರೆ ಯಾರಿಗೂ ತೋರಿಸಬೇಕು ಅನ್ನಿಸಲಿಲ್ಲ.

ಈಗ ನಮ್ಮಿಬ್ಬರನ್ನು ಯಾರೋ ಎತ್ತಿ ಹಿಡಿದಿದ್ದಾರೆ. ಸಾಕು, ಮಲಗುತ್ತೇನೆ.

ನವೆಂಬರ್ 3

ರಜೆ. ಹಿತ್ತಲಿನ ಮರದ ಕಾಕಿ ಹಣ್ಣುಗಳನ್ನು ಇಳಿಸಿದ್ದಾಯಿತು. ಹಸಿಯಾಗಿ ಬಾಯಿಗಿಟ್ಟರೆ ನಾಲಿಗೆ ಸುರುಟುವಷ್ಟು ಒಗರು. ಸಿಪ್ಪೆ ಹೆರೆದು, ತೊಟ್ಟಿಗೆ ದಾರ ಕಟ್ಟಿ, ಸೂರಿನಡಿ ತೂಗುಹಾಕಿ ಒಣಗಿಸಿದರೆ ಹೊಸ ವರ್ಷದ ಹೊತ್ತಿಗೆ ಸಿಹಿ. ಪ್ರತಿ ವರ್ಷ ಸುಮಿಯೆಯೂ ಅತ್ತೆಯೂ ಮಾಡುತ್ತಿದ್ದ ಕೆಲಸ. ನಾನು ಏಣಿ ಹಿಡಿಯುತ್ತಿದ್ದೆ, ಅಷ್ಟೇ. ಈ ಸಲ ಅತ್ತೆ ಚಾಕುವನ್ನು ನನ್ನ ಮುಂದೆ ಇಟ್ಟರು.

ನಾನು ಹೆರೆದದ್ದನ್ನು ತಿರುಗಿಸಿ ನೋಡಿ, "ಅಳಿಯಂದ್ರೇ, ಸಿಪ್ಪೆಗೆ ಇಷ್ಟು ಹಣ್ಣು ಕೊಟ್ರೆ ನಮಗೇನ್ ಉಳಿಯತ್ತೆ" ಎಂದರು.

ಒಂದು ವಾರದ ಮೇಲೆ ಹಣ್ಣುಗಳನ್ನು ದಿನಾ ಬೆರಳಲ್ಲಿ ಮೆಲ್ಲಗೆ ಹಿಸುಕಬೇಕಂತೆ, ಒಳಗಿನ ತೇವ ಹೊರಗೆ ಬರಲಿ ಎಂದು. ಆ ಕೆಲಸವೂ ನನಗೇ ಬಿತ್ತು, ಅತ್ತೆಗೆ ಬೆರಳು ನೋವು. ಒಂದು ಹಣ್ಣು ಕೂಡ ಎಲ್ಲೂ ಸೀಳಬಾರದು, ಸೀಳಿದರೆ ಬೂಷ್ಟು. ಮನೆಯಲ್ಲೂ ಇದೇ ಕೆಲಸ, ಕಂಪನಿಯಲ್ಲೂ ಇದೇ ಕೆಲಸ.

ನವೆಂಬರ್ 10

ಶನಿವಾರ ಹುಯ್ದ ತಟ್ಟೆ ಇವತ್ತು ಅಚ್ಚಿನಿಂದ ಬಿಟ್ಟಿತು. ಒಂದೂ ಗುಳ್ಳೆಯಿಲ್ಲ. ಇಷ್ಟು ಒಳ್ಳೆಯ ಹಸಿ ತಟ್ಟೆ ನನ್ನ ಕೈಯಿಂದ ಹಿಂದೆ ಬಂದಿಲ್ಲ. ಈ ಸಲ ಗಂಜಿಯನ್ನು ಎರಡು ಪಟ್ಟು ಹೊತ್ತು ಗಾಳಿ ತೆಗೆಯಲು ಬಿಟ್ಟಿದ್ದೆ, ಯಾಕೋ ಆತುರ ಆಗಲಿಲ್ಲ. ಗಾಜಿನ ಮುಚ್ಚಳದ ಒಣಗಿಸುವ ಡಬ್ಬಿಯ ತಳಕ್ಕೆ ಒದ್ದೆ ಬಟ್ಟೆ, ಮೇಲೆ ಜಾಲರಿ, ಅದರ ಮೇಲೆ ತಟ್ಟೆ. ಮುಚ್ಚಳವನ್ನು ಒಂದು ಕಡೆಗೆ ವಾಲಿಸಿ ಮುಚ್ಚಿದೆ, ಒಳಗೆ ಕೂರುವ ಹನಿ ತಟ್ಟೆಯ ಮೇಲೆ ಬೀಳದೆ ಬದಿಗೆ ಜಾರಲಿ ಎಂದು. ದಿನಾ ಬಟ್ಟೆಯ ತೇವ ಒಂದಿಷ್ಟು ಕಡಿಮೆ ಮಾಡುತ್ತ ಹೋಗಬೇಕು. ಹನಿ ಸಣ್ಣದಾಗುತ್ತ ಬರುತ್ತದೆ.

ಇದು ಗೆಲ್ಲುತ್ತದೆ. ಬರೆದು ಮತ್ತೊಮ್ಮೆ ಓದಿದೆ. ಗೆದ್ದರೆ ಏನಾಗುತ್ತದೆ ಎಂಬುದನ್ನು ಬರೆಯಲು ಕೈ ಏಳಲಿಲ್ಲ.

ನವೆಂಬರ್ 16, ಭಾನುವಾರ

ಇವತ್ತು ಅವಳೇ ಹೇಳಿದಳು. ಕಾಯಂ ಕೆಲಸ, ಅವಳದೇ ಒಂದು ತಂಡ. ವರ್ಷದ ಕೊನೆಯೊಳಗೆ ಉತ್ತರ ಕೊಡಬೇಕು.

"ನಿಮಗೇನನ್ಸತ್ತೆ, ಸೆಯ್ಗೊಸಾನ್?" ಎಂದು, ಎಂದಿನಂತೆ ನನ್ನ ಹೆಸರಿಗೆ ಗೌರವದ ಸಾನ್ ಸೇರಿಸಿ, ಕೇಳಿದಳು.

ಬಾ ಎನ್ನಬೇಕಿತ್ತು. ಒಂದೇ ಅಕ್ಷರದ ಮಾತು. ಬೆಳಗ್ಗೆ ಹಲ್ಲುಜ್ಜುವಾಗ ನಿನ್ನ ಬ್ರಷ್ಷು ಇನ್ನೂ ಲೋಟದಲ್ಲಿ ನಿಂತಿದೆ, ಬಾ. ನಿಮ್ಮಮ್ಮನ ಜೊತೆ ಟೀವಿಯಲ್ಲಿ ಸುಮೊ ಕುಸ್ತಿ ನೋಡಿ ನೋಡಿ ನನಗೂ ಪೈಲ್ವಾನರ ಹೆಸರೆಲ್ಲ ಬಾಯಿಪಾಠ ಆಗಿದೆ, ಬಾ.

"ನಿನ್ನಿಷ್ಟ" ಎಂದೆ.

"ಸರಿ, ತಟ್ಟೆ ಒಣಗ್ತಿದೆಯಾ?" ಎಂದಳು. ಒಣಗುತ್ತಿದೆ ಎಂದೆ.

ನವೆಂಬರ್ 18

ಇದನ್ನು ಬರೆಯಬೇಕೋ ಬೇಡವೋ. ಬರೆಯುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಮಧ್ಯಾಹ್ನ ಎರಕದ ಕೋಣೆಯಲ್ಲಿ ನಾನೊಬ್ಬನೇ. ತಟ್ಟೆ ಒಣಗಿದರೆ ಗೆಲ್ಲುತ್ತದೆ, ಗೆದ್ದರೆ ಅವಳು ಬರುವುದಿಲ್ಲ. ಬಿರುಕು ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಎರಕದ ತಟ್ಟೆ ಬಿರುಕು ಬಿಡುವುದೇನು ಹೊಸದೇ? ಕೈ ತಾನೇ ಹೋಯಿತು. ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿದೆ. ಹೊರಗೆ ಒಣ ಚಳಿಗಾಳಿ, ಕೋಣೆಯಲ್ಲಿ ಹೀಟರ್. ಬೆಳಗಾಗುವಷ್ಟರಲ್ಲಿ ಅಂಚು ಸೀಳಿರುತ್ತಿತ್ತು. ಸಂಜೆ ಕೋಟು ಹಾಕಿಕೊಂಡು ಮನೆಗೆ ಬಂದೆ. ದಾರಿಯಲ್ಲಿ ಸೇತುವೆಯ ಹತ್ತಿರ ಏಪ್ರಿಲ್‌ನ ಚೆರಿ ಹೂವನ್ನು ಅವಳ ಜೊತೆ ನೋಡಿದ ಹಾಗೆಲ್ಲ ಅನ್ನಿಸಿತು, ನಾಚಿಕೆಯಿಲ್ಲದೆ.

ಅತ್ತೆ ಇವತ್ತು ಪಕ್ಕದ ಬೀದಿಯ ಗೆಳತಿಯ ಮನೆಯಿಂದ ತಡವಾಗಿ ಬಂದಿದ್ದರು. ಅಕ್ಕಿ ತೊಳೆದಿಟ್ಟು ಕುಕ್ಕರಿನ ಗುಂಡಿ ಒತ್ತಲು ಮರೆತಿದ್ದರು. ಬೆಳಗಿನ ಅನ್ನವೇ ಗತಿ. ಇಬ್ಬರೂ ಅದರ ಮೇಲೆ ಬಿಸಿ ಚಹಾ ಸುರಿದುಕೊಂಡು ತಿಂದೆವು. ಮೂರನೆಯ ಬಟ್ಟಲೂ ಇಟ್ಟಿದ್ದರು. ಊಟವಾದ ಮೇಲೆ ಮುಚ್ಚಳ ಎತ್ತಿದರು. ಒಳಮೈ ಒಣಗಿತ್ತು. ಒಂದು ಹನಿಯೂ ಇಲ್ಲ.

ಅವರ ಮುಖ ನೋಡಲಾಗಲಿಲ್ಲ. ಅನ್ನ ತಣ್ಣಗಿತ್ತು, ತಣ್ಣನೆಯ ಅನ್ನದಿಂದ ಹಬೆ ಏಳುವುದಿಲ್ಲ, ಬೇರೆ ಏನೂ ಇಲ್ಲ ಎಂದು ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದೆ.

"ಗೊತ್ತು ಕಣೋ. ನನಗೆ ಅಷ್ಟೂ ಗೊತ್ತಾಗಲ್ವಾ?" ಎಂದರು. ಮುಚ್ಚಳವನ್ನು ಏಪ್ರನ್ನಿನಲ್ಲಿ ಒರೆಸಿದರು, ಒರೆಸಲು ಏನೂ ಇರಲಿಲ್ಲ. "ಅವಳಿಗೆ ಏನೋ ಆಗಿದೆ ಅಂತ ಅಲ್ಲ. ಇಲ್ಲಿ ನಾವು ಬಿಸಿ ಇಡ್ಲಿಲ್ಲ ಅಂತ, ಅಷ್ಟೇ."

ಎದ್ದು ಕೋಟು ಹಾಕಿಕೊಂಡೆ. ಎಲ್ಲಿಗೆ ಎಂದು ಅತ್ತೆ ಕೇಳಲಿಲ್ಲ. ಬಾಗಿಲ ಹತ್ತಿರ ಬಂದು ಮಫ್ಲರ್ ಕೊಟ್ಟು, "ಮೆಲ್ಲಗೆ ಓಡಿಸು" ಎಂದರು.

ಕಂಪನಿಗೆ ಹೋಗಿ ದೀಪ ಹಾಕಿದೆ. ಡಬ್ಬಿಯ ಮುಚ್ಚಳದ ಹನಿಗಳು ಸಂದಿನ ಕಡೆ ಆರಿ ಹೋಗಿದ್ದವು, ಆ ಕಡೆಯ ಅಂಚು ಉಳಿದದ್ದಕ್ಕಿಂತ ಬೆಳ್ಳಗೆ ಕಾಣುತ್ತಿತ್ತು. ಬಟ್ಟೆ ಮತ್ತೆ ಒದ್ದೆ ಮಾಡಿ, ಮುಚ್ಚಳ ಮುಚ್ಚಿ, ಹೀಟರ್ ಆರಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಒಳಗೆ ಹನಿ ಕೂರುವ ತನಕ ಕೂತಿದ್ದೆ. ಕೂತಿತು. ಮನೆಗೆ ಬಂದಾಗ ಅತ್ತೆ, ಅಲ್ಲ, ಅಮ್ಮ ಕುಕ್ಕರ್ ಹಚ್ಚಿ, ಹೊಸ ಅನ್ನ ಮಾಡಿ, ಬಟ್ಟಲು ಮತ್ತೆ ತುಂಬಿ ಕಾಯುತ್ತ ಕೂತಿದ್ದಳು.

ನವೆಂಬರ್ 19

ಬಿರುಕಿಲ್ಲ.

ನವೆಂಬರ್ 29

ತಟ್ಟೆ ಪೂರ್ತಿ ಒಣಗಿತು. ಸೀಮೆಸುಣ್ಣದಂತೆ ಬೆಳ್ಳಗೆ, ತೂಕವೇ ಇಲ್ಲದ ಹಾಗೆ ಹಗುರ. ಮೊದಲು ಗಾಳಿಯಲ್ಲಿ ಸುಟ್ಟು ಅದರೊಳಗಿನ ಅಂಟು ಕಳೆದದ್ದಾಯಿತು. ಇನ್ನು ಗಾಳಿಯಿಲ್ಲದ ಕುಲುಮೆಗೆ. ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಇಲ್ಲ.

ಹಣ್ಣುಗಳ ಮೇಲೆ ಬಿಳಿ ಸಕ್ಕರೆ ಪುಡಿ ಏಳುತ್ತಿದೆ. ಅಮ್ಮ ಒಂದನ್ನು ಕಿತ್ತು ಅರ್ಧ ಮಾಡಿ ನನ್ನ ಬಾಯಿಗೆ ಹಾಕಿದಳು. ಇನ್ನೂ ಸ್ವಲ್ಪ ಒಗರಿದೆ ಎಂದೆ. ನಿನಗೆ ಯಾವಾಗಲೂ ಆತುರವೇ ಎಂದಳು, ತಾನೇ ಕಿತ್ತದ್ದು ಮರೆತು.

ಡಿಸೆಂಬರ್ 6

ಕುಲುಮೆಯಿಂದ ಬಂದ ತಟ್ಟೆಯನ್ನು ಎರಡೂ ಕಡೆ ಉಜ್ಜಿ ಹೊಳಪು ಕೊಟ್ಟಾಯಿತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಾಗ ಪತ್ರಿಕೆಯ ಮೇಲಿಟ್ಟೆ. ಎತ್ತಿದೆ. ಇನ್ನೂ ಎತ್ತಿದೆ. ತೋಳು ಪೂರ್ತಿ ಚಾಚಿ ಹಿಡಿದೆ. ಹವಾಮಾನದ ಕಾಲಮ್ಮಿನ ಸಣ್ಣ ಅಕ್ಷರ ಕೂಡ ಅಲುಗಾಡದೆ ನಿಂತಿತ್ತು.

ಒಂದು ಕಡೆ, ಅಂಚಿನ ಹತ್ತಿರ, ದೀಪಕ್ಕೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಒಂದು ಎಳೆ ಇದೆ. ಮಂಜಿನ ದಾರದಂಥದು. ಚೌಕಟ್ಟಿನೊಳಗೆ ಹೋಗುವ ಭಾಗ, ಗಿರಾಕಿಗೆ ಕಾಣುವುದಿಲ್ಲ.

ಡಿಸೆಂಬರ್ 12

ಉಕ್ಕಿನ ಕಾರ್ಖಾನೆಯವರು ಬಂದರು, ನೋಡಿದರು. ಕುಮಾಜಾಕಿಯವರು ಎರಡು ತಟ್ಟೆಗಳನ್ನು ಒಂದೇ ಕಾಗದದ ಮೇಲಿಟ್ಟರು. ಎರಡೂ ಸಮ. ಆಮೇಲೆ ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿದರು.

ಸುಮಿಯೆಯ ತಟ್ಟೆ ಎತ್ತುತ್ತಿದ್ದಂತೆ ಅದರೊಳಗೆ ಸಣ್ಣ ಸಣ್ಣ ಮೋಡ. ರವೆಯ ಕಾಳುಗಳ ನೆರಳು. ಒತ್ತಿದರೂ ಒಡೆಯದೆ ಉಳಿದ ಕಾಳುಗಳ ಸುತ್ತ ಸಂದು ಉಳಿದು, ಸುಟ್ಟ ಮೇಲೂ ಅದೇ ಆಕಾರ ಹೊತ್ತು ನಿಂತಿವೆ. ಅವಳು ಫೋನಿನಲ್ಲಿ ಹೇಳಿದ್ದು ಇದೇ. ಬೇರೆಯವರು ದೋಷ ನೋಡಿದರು. ಅವಳು ಅಷ್ಟು ದೂರದಲ್ಲಿ ಪ್ರತಿದಿನ ಯಾವುದರ ಜೊತೆ ಗುದ್ದಾಡುತ್ತಿದ್ದಾಳೆ ಎಂಬುದು ನನ್ನ ಕಣ್ಣೆದುರಿಗೆ ಬಂತು.

ನನ್ನದನ್ನು ಆರಿಸಿದರು. ಕುಮಾಜಾಕಿಯವರು ನನ್ನ ಬೆನ್ನು ತಟ್ಟಿದರು, ಆಮೇಲೆ ಏನೋ ನೆನಪಾಗಿ ಕೈ ತೆಗೆದರು. ಅಳತೆ ಮಾಡಿಸಲು ಎರಡೂ ತಟ್ಟೆಗಳನ್ನು ಡ್ರೆಸ್ಡೆನ್‌ಗೆ ಕಳಿಸುತ್ತಾರಂತೆ, ಅಂಥ ಯಂತ್ರ ನಮ್ಮಲ್ಲಿಲ್ಲ. ಪೆಟ್ಟಿಗೆ ಕಟ್ಟುವ ಮುಂಚೆ ಅವಳ ತಟ್ಟೆಯನ್ನು ಕಾಗದದ ಮೇಲೆ ಇನ್ನೊಮ್ಮೆ ಇಟ್ಟು ನೋಡಿದೆ. ಎತ್ತಲಿಲ್ಲ.

ಡಿಸೆಂಬರ್ 14, ಭಾನುವಾರ

ಅವಳು ಅಭಿನಂದನೆ ಹೇಳಿದಳು. ನಾನು ಧನ್ಯವಾದ ಹೇಳಿದೆ. ನೆಂಟರ ಹಾಗೆ.

ಡಿಸೆಂಬರ್ 20

ಅಮ್ಮನಿಗೆ ಶೀತ, ಜ್ವರ. ಡಾಕ್ಟರು ನೋಡಿ ಹೋದರು, ಹೆದರುವಂಥದ್ದಲ್ಲ. ಗಂಜಿ ಮಾಡಿಕೊಟ್ಟೆ. ಎರಕದವನ ಗಂಜಿ, ಒಂದೂ ಗಂಟಿಲ್ಲ ಎಂದು ಹೊಗಳಿದಳು. ಸಂಜೆ ನಾನೊಬ್ಬನೇ ಊಟಕ್ಕೆ ಕೂತವನು ಮತ್ತೆ ಎದ್ದು ಮೂರನೆಯ ಬಟ್ಟಲು ತೆಗೆದೆ. ಮಾವನವರ ಕಾಲದ ಬಟ್ಟಲು, ನೀಲಿ ಗೆರೆಯದು. ಕುಕ್ಕರಿನಿಂದ ನೇರ ಅದಕ್ಕೆ ಬಡಿಸಿ ಮುಚ್ಚಿದೆ. ಬಟ್ಟಲನ್ನು ಮುಂಚೆಯೇ ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಟ್ಟರೆ ಶಾಖ ಹೆಚ್ಚು ಹೊತ್ತು ನಿಲ್ಲುತ್ತದೆ, ನಾಳೆಯಿಂದ ಹಾಗೆ ಮಾಡಬೇಕು.

ಒಳಗಿನಿಂದ ಅಮ್ಮ ಕೂಗಿ ಕೇಳಿದಳು, ಹನಿ ಇದೆಯಾ ಎಂದು. ಇದೆ ಎಂದೆ. ಚೆನ್ನಾಗಿದ್ದಾಳೆ ಎಂದೂ ಹೇಳಿದೆ, ಇಲ್ಲದಿದ್ದರೆ ಅಮ್ಮ ಮಲಗುವುದಿಲ್ಲ.

ಡಿಸೆಂಬರ್ 28, ಭಾನುವಾರ

ಫೋನ್ ಬಂದಾಗ ಪಾತ್ರೆ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಎತ್ತಿಕೊಂಡೆ.

"ನಿಮ್ಮ ತಟ್ಟೆ ಬಂತು. ನೋಡ್ದೆ."

"ಎತ್ತಿ ನೋಡಿದ್ಯಾ?"

"ಎತ್ತಿ ಹಿಡ್ಕೊಂಡು ಕಿಟಕಿ ಹತ್ರ ಹೋಗಿ, ಬೀದಿ ಆಚೆಗಿರೋ ಬೇಕರಿ ಬೋರ್ಡ್ ಓದಿದೆ." ಆಮೇಲೆ, "ಈ ಸಲ ಮೊಸರು ಅನ್ನೋಕಾಗಲ್ಲ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ಬಲಗಡೆ ಅಂಚಲ್ಲಿ ಒಂದು ಎಳೆ ಇದೆ. ಹೊರಗಿಂದ ಒಳಕ್ಕೆ ಹೊರಟು ಅರ್ಧಕ್ಕೆ ನಿಂತಿದೆ. ಒಣಗೋವಾಗ ಆಗಿದ್ದು. ನೀವು ಮುಚ್ಚಳ ತೆಗ್ದಿದ್ರಿ."

ನಲ್ಲಿ ನಿಲ್ಲಿಸಿದೆ. ಒಂದೇ ಕಸುಬಿನವಳನ್ನು ಮದುವೆಯಾದರೆ ಇಷ್ಟೇ. ಭೂಮಿಯ ಆ ತುದಿಯಲ್ಲಿ ಕೂತು ನಾನು ಇಲ್ಲಿ ಯಾವ ಮಧ್ಯಾಹ್ನ ಏನು ಮಾಡಿದೆ ಎಂದು ಓದುತ್ತಾಳೆ.

"ತೆಗ್ದಿದ್ದು ಯಾಕೆ ಅಂತ ನಾನು ಕೇಳಲ್ಲ. ಅದು ನೋಡಿದ ತಕ್ಷಣ ಗೊತ್ತಾಯ್ತು" ಎಂದಳು. ಅವಳ ದನಿ ಸಣ್ಣಗಾಗಿತ್ತು. "ಮತ್ತೆ ಮುಚ್ಚಿದ್ರಲ್ಲ. ಮುಚ್ಚಿದ್ದು ಯಾಕೆ?"

ಏನೇನೋ ಹೇಳಬಹುದಿತ್ತು. ಕಸುಬಿನ ಮರ್ಯಾದೆ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಬೇರೆ.

"ಆವತ್ತು ಅನ್ನ ತಣ್ಣಗಿತ್ತು. ಬಟ್ಟಲು ಮುಚ್ಚಳದಲ್ಲಿ ಹನಿ ಇರ್ಲಿಲ್ಲ."

ಅವಳ ಕಡೆಯ ಬೀದಿಯಲ್ಲಿ ಟ್ರಾಮ್ ಹೋದ ಸದ್ದು ಕೇಳಿತು.

"ಅಮ್ಮ ನನಗೆ ಬಟ್ಟಲು ಇಡ್ತಾಳಾ?"

"ನೀನು ಹೋದ ದಿನದಿಂದ. ನಗ್ತೀಯ ಅಂತ ಹೇಳ್ಬೇಡ ಅಂದಿದ್ಲು. ಈಗ ಜ್ವರ ಬಂದಾಗಿಂದ ನಾನೇ ಇಡ್ತಿದೀನಿ."

ಅವಳು ಅಳುತ್ತಿದ್ದಾಳೆ ಎಂದು ತಿಳಿಯಿತು. ಮೂಗು ಸೇದುವ ಸದ್ದು ಅವಳ ಅಪ್ಪ ಸತ್ತ ದಿನ ಕೇಳಿದ್ದು, ಮತ್ತೆ ಇವತ್ತು. ಆಗ ಹೇಳಿದೆ.

"ಬಾ, ಸುಮಿಯೆ. ಯಂತ್ರ ಇಲ್ದಿದ್ರೂ ಬಾ. ನೀನಿಲ್ದೆ ನನಗೆ ಆಗ್ತಿಲ್ಲ."

ಹೇಳಿ ಮುಗಿದ ಮೇಲೆ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡೆ.

ಅವಳು ಕಾಯಂ ಕೆಲಸ ಬೇಡವೆಂದು ನಾಳೆಯೇ ಹೇಳುತ್ತಾಳಂತೆ. ಆದರೆ ಈಗಲೇ ಬರುವುದಿಲ್ಲ. ಆ ಕಾಳುಗಳು ಯಾಕೆ ಒಡೆಯುವುದಿಲ್ಲ ಎಂದು ತಿಳಿಯದೆ ಬಿಟ್ಟು ಬಂದರೆ ಜೀವನವಿಡೀ ನನ್ನ ಮೇಲೆ ಸಿಟ್ಟು ಮಾಡಿಕೊಂಡಿರುತ್ತಾಳಂತೆ. ಅದು ನಿಜ, ಮಾಡಿಕೊಳ್ಳುತ್ತಾಳೆ. ಮುಂದಿನ ವರ್ಷ ಹಣ್ಣು ಹೆರೆಯುವ ಹೊತ್ತಿಗೆ ಬರುತ್ತೇನೆ ಎಂದಳು. ಎರಕದ ಕೋಣೆಯಲ್ಲಿ ಇನ್ನೊಂದು ಸ್ಟೂಲ್ ಇದೆಯಾ ಎಂದು ಕೇಳಿದಳು. ಇಲ್ಲ, ತರಿಸುತ್ತೇನೆ ಎಂದೆ. ಫೋನ್ ಇಡುವ ಮುಂಚೆ, ಕೂದಲು ಕತ್ತರಿಸಿದ್ದು ಚೆನ್ನಾಗಿದೆ ಎಂದೂ ಹೇಳಿದೆ. ಅದು ಮತ್ತೆ ಬೆಳೆದು ಎಷ್ಟೋ ದಿನವಾಯಿತಂತೆ.

ಜನವರಿ 1

ಅಮ್ಮ ಎದ್ದು ಓಡಾಡುತ್ತಿದ್ದಾಳೆ. ಬೆಳಗ್ಗೆ ಇಬ್ಬರೂ ದೇವಸ್ಥಾನಕ್ಕೆ ಹೋಗಿ ಬಂದೆವು. ಒಣಹಣ್ಣು ತೆಗೆದೆವು. ನಾನು ಹಿಸುಕಿದವು ಒಂದೂ ಸೀಳಿಲ್ಲ, ಒಳಗೆ ಜೇನಿನ ಹಾಗಿದೆ. ಸುಮಿಯೆಯ ಪಾಲೆಂದು ಒಂದಷ್ಟನ್ನು ಅಮ್ಮ ಕಟ್ಟಿ ಫ್ರೀಜರಿನಲ್ಲಿಟ್ಟಳು. ಮುಂದಿನ ಹಣ್ಣು ಬರುವ ಹೊತ್ತಿಗೆ ಅವಳು ಬಂದಿರುತ್ತಾಳಲ್ಲ, ಇದು ಯಾಕೆ ಎಂದೆ. ಈ ವರ್ಷದ್ದು ಈ ವರ್ಷದ್ದೇ ಎಂದಳು.

ಊಟಕ್ಕೆ ಅಕ್ಕಿಮುದ್ದೆ ಹಾಕಿದ ಹಬ್ಬದ ಸಾರು. ಮೂರು ಬಟ್ಟಲು. ನೀಲಿ ಗೆರೆಯದನ್ನು ಮೊದಲೇ ಬಿಸಿನೀರಿನಲ್ಲಿ ಇಟ್ಟಿದ್ದೆ. ಊಟ ಮುಗಿದ ಮೇಲೆ ಅಮ್ಮ ಕೈ ಚಾಚಿದವಳು, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಮುಖ ನೋಡಿದಳು.

"ಇನ್ನೂ ಒಂದು ವರ್ಷ ಇಡ್ಬೇಕಲ್ಲೋ, ಸೆಯ್ಗೊ. ನೀನೇ ತೆಗಿ."

ಮುಚ್ಚಳ ಎತ್ತಿ ದೀಪಕ್ಕೆ ಹಿಡಿದೆ. ಹನಿಗಳಿದ್ದವು, ಒತ್ತೊತ್ತಾಗಿ. ಬಿಸಿ ಸಾರಿಗೆ ಮುಚ್ಚಳ ಹಾಕಿದರೆ ಹನಿ ಕೂರುತ್ತದೆ, ಅದು ಯಾರಿಗೆ ಗೊತ್ತಿಲ್ಲ. ಆದರೂ ಎರಡು ಸಲ ನೋಡಿದೆ.